ಪಡಿಯಚ್ಚು

ಸಾಗರ ಅಂತ ಹೆಸರಿಟ್ಟವರು
ಉಪ್ಪು ಹಾಕೋದು ಮರೆತರು ಅಂದಳು ಹುಡುಗಿ,
ವಾಣಿವಿಲಾಸದ ದಂಡೆಯಲ್ಲಿ ಮೊಣಕಾಲುದ್ದ ಇಳಿದು
ಬೊಗಸೆ ನೀರು ನಾಲಿಗೆಗೆ ಮುಟ್ಟಿಸಿ.
ಅಕ್ಕನ ಮಗಳು; ಸಮುದ್ರ ನೋಡಿದವಳಲ್ಲ.
ನಾನೂ ನೋಡಿದ್ದು ಒಂದೇ ಸಲ, ಅದೂ ಬಸ್ಸಿನ ಕಿಟಕಿಯಿಂದ.

ಏಪ್ರಿಲ್. ನೀರು ಹಿಂದೆ ಸರಿದಿತ್ತು.
ಸರಿದಲ್ಲೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕೆಸರಿನ ಗೆರೆ,
ಒಂದೊಂದು ಗೆರೆ ಒಂದೊಂದು ವಾರದ ಲೆಕ್ಕ.
ಬಾಯ್ಬಿಟ್ಟ ಚಿಪ್ಪು, ಒಂಟಿ ಚಪ್ಪಲಿ,
ಜಾಲಿಯ ಬೊಡ್ಡೆಗೆ ಸಿಕ್ಕಿಕೊಂಡ ನೈಲಾನ್ ಬಲೆ.
ಆಚೆ, ಹರಿಗೋಲಿನಲ್ಲಿ ಅರ್ಧ ಗಂಟೆಯ ದೂರಕ್ಕೆ,
ವರ್ಷಕ್ಕೆ ಎರಡು ತಿಂಗಳು ಮಾತ್ರ ತಲೆಯೆತ್ತುವ ಬಂಡೆ.

"ಗೂಳಿ ಐತೆ ಕಣಕ್ಕ, ನಮ್ಮಜ್ಜ ತೋರಿಸಿದ್ದ.
ನಮ್ಮ ದೇವರೆತ್ತಿನ ಹಂಗೇ ಐತೆ,"
ಅಂದಿದ್ದ ಪಾಲಯ್ಯ ಫೋನಿನಲ್ಲಿ.
"ಬೇಗ ಬರ್ರಿ, ಮಳೆ ಹಿಡಿದ್ರೆ ಒಳಗ್ಹೋಗ್ತೈತೆ,"
ಸಂಜೆಗೆ ಕೊಟ್ಟಿಗೆ ಸೇರುತ್ತದೆ ಅನ್ನುವ ಹಾಗೆ.

ನನ್ನ ಚೀಲದಲ್ಲಿ ಕಾಗದದ ಸುರುಳಿ, ಗಡಸು ಕೂದಲಿನ ಬ್ರಷ್ಷು,
ಮಸಿಯ ಡಬ್ಬಿ, ಬಟ್ಟೆಯ ಉಂಡೆ, ನಾಲ್ಕು ರೊಟ್ಟಿ.
ಇಪ್ಪತ್ತಾರು ವರ್ಷದಿಂದ ಇದೇ ಕೆಲಸ:
ಕಲ್ಲಿಗೆ ಒದ್ದೆ ಕಾಗದ ಹೊದಿಸಿ
ಪಟ್ ಪಟ್ ಪಟ್ ಬಡಿಯುವುದು,
ಅದು ಕಲ್ಲಿನ ಗಾಯಕ್ಕೆಲ್ಲ ಇಳಿಯುವ ತನಕ.
ಓದುವವರು ಬೇರೆ. ಅವರು ಊರಲ್ಲಿ, ಫ್ಯಾನಿನ ಕೆಳಗೆ.

ಗೂಳಿ ಇತ್ತು.
ಒಂದೂವರೆ ಮೊಳ. ಕೊಂಬು ಮಾತ್ರ ಮೈಗಿಂತ ಉದ್ದ,
ಹಿಣಿಲು ಗುಡ್ಡದ ಹಾಗೆ. ಕಣ್ಣು ಇಟ್ಟಿರಲಿಲ್ಲ.
ಕೆತ್ತಿದ್ದಲ್ಲ, ಕುಟ್ಟಿದ್ದು; ಚುಕ್ಕಿ ಚುಕ್ಕಿ ಚುಕ್ಕಿ,
ಕಲ್ಲಿನಿಂದ ಕಲ್ಲಿಗೆ, ಉಳಿಯೇ ಹುಟ್ಟದ ಕಾಲದಲ್ಲಿ.
ಹಿಂಗಾಲ ಪಕ್ಕ ಹುಲಿಗಟ್ಟದ ಮನೆ,
ಯಾರೋ ದನ ಕಾಯುವವನ ಮಧ್ಯಾಹ್ನ.
ಅದರ ಮೇಲೆ ಕುಡುಗೋಲು ಮಸೆದ ಉದ್ದುದ್ದ ಗೀರು.
ಮತ್ತೆ ಕತ್ತಿನ ಹತ್ತಿರ, ಚಾಣದಿಂದ, ಆಳವಾಗಿ:
ಪಾ + ಗಂ.

"ಮಾಮ, ಪಾ ಅಂದ್ರೆ ನೀವಾ?"
ಪಾಲಯ್ಯ ತೊಳೆದೇ ಇದ್ದ ಹುಟ್ಟನ್ನು ಮತ್ತೆ ತೊಳೆಯತೊಡಗಿದ.
"ಗಂ ಯಾರು?"
ಅವನ ಹೆಂಡತಿ ಈರಕ್ಕ.
ಬೆಳಿಗ್ಗೆ ತಾನೇ ಅವಳ ಕೈಯ ಚಹಾ ಕುಡಿದು ಬಂದಿದ್ದೆ.
"ಗಂ ಅಂದ್ರೆ ಗಂಗೆ," ಅಂದ ಕೊನೆಗೆ. "ನೀರು. ನಮಗೆ ಅನ್ನ ಕೊಡೋಳು."
ಹುಡುಗಿ ನಂಬಿದಳು. ನೀರೂ ನಂಬಿದ ಹಾಗೆ
ಬಂಡೆಯ ಬುಡವನ್ನು ಎರಡು ಸಲ ತಟ್ಟಿತು.

ಕಾಗದ ಹಾಸಿದೆ.
ಆಫೀಸಿಗೆ ಬೇಕಾದ್ದು ಗೂಳಿ ಒಂದೇ;
ಮಿಕ್ಕಿದ್ದಕ್ಕೆ ಅವರ ಫಾರಮ್ಮಿನಲ್ಲಿ ಒಂದು ಕಾಲಂ ಇದೆ,
"ಇತ್ತೀಚಿನ ಗೀಚು" ಅಂತ.
ಕಾಗದಕ್ಕೆ ತಾರೀಕು ತಿಳಿಯುವುದಿಲ್ಲ.
ಬಡಿದಂತೆ ಗೂಳಿಯ ಬೆನ್ನಿಗೂ ಇಳಿಯಿತು,
ಕುಡುಗೋಲಿನ ಗೀರಿಗೂ ಇಳಿಯಿತು,
ಗಂ ಎಂಬಲ್ಲಿ ಇನ್ನಷ್ಟು ಒಳಗೆ.
ಆ ಸೊನ್ನೆಯನ್ನು ಅವನು ಎರಡೆರಡು ಸಲ ಕೊರೆದಿದ್ದ.
ಮಸಿ ಒತ್ತಿದೆ. ಯಾರೂ ಮುಟ್ಟದ ಕಲ್ಲೆಲ್ಲ ಕಪ್ಪಾಯಿತು,
ಮುಟ್ಟಿದ್ದಷ್ಟೂ ಬಿಳಿ ಉಳಿಯಿತು.

ಒಣಗುವ ತನಕ ರೊಟ್ಟಿ ತಿಂದೆವು.
ಹುಡುಗಿ ಕೆಸರಿನಲ್ಲಿ ಗೂಳಿ ಬರೆದು
ಕಣ್ಣಿಟ್ಟಳು, ಒಂದೇ ಕಡೆಗೆ ಎರಡು.
ಪಾಲಯ್ಯ ಕಾಗದ ನೋಡುತ್ತ ನಿಂತಿದ್ದ.
"ಇದು ನಿಮ್ಮ ಆಫೀಸಿನಾಗೆ ಎಷ್ಟು ದಿನ ಇರ್ತೈತಕ್ಕ?"
"ಗೆದ್ದಲು ಹಿಡಿಯೋ ತನಕ."
ಅವನಿಗೆ ಸಮಾಧಾನವಾಯಿತೋ ಬೇಸರವಾಯಿತೋ
ತಿಳಿಯಲಿಲ್ಲ. ಸುರುಳಿ ಸುತ್ತುವಾಗ
ಒಂದು ತುದಿ ಅವನೇ ಹಿಡಿದುಕೊಂಡ,
ಎಳೆಕೂಸಿನ ಕತ್ತು ಹಿಡಿಯುವ ಹಾಗೆ.

ಸೆಪ್ಟೆಂಬರಿನಲ್ಲಿ ಫೋನು ಬಂತು.
"ಒಳಗ್ಹೋಯ್ತಕ್ಕ. ಮೊದಲು ಕಾಲು, ಆಮೇಲೆ ಹೊಟ್ಟೆ.
ಕೊಂಬು ಎರಡು ದಿನ ನೀರಿನ ಮ್ಯಾಲೇ ಇತ್ತು."
ಕತ್ತಿನ ಹತ್ತಿರದ್ದನ್ನು ನಾನು ಕೇಳಲಿಲ್ಲ,
ಅವನೂ ಹೇಳಲಿಲ್ಲ.
ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು,
ಅದರ ಹಿಂದೆಲ್ಲೋ ಈರಕ್ಕ
ಯಾರದು ಫೋನು, ಯಾರದು ಅಂತ
ಒಲೆಯ ಮುಂದಿನಿಂದ ಕೂಗುತ್ತಿದ್ದಳು.