ಆರ್ಡರ್

ನಮಗೆ ಗೊತ್ತಿದ್ದ ಆರ್ಡರ್ ಒಂದೇ:
ಮುಂಬೈಯಿಂದ ಬರೋದು, ಐನೂರು ಪೀಸು,
ಸೊಂಟ ಇಪ್ಪತ್ತೆಂಟರಿಂದ ಮೂವತ್ತಾರು,
ಶುಕ್ರವಾರದೊಳಗೆ ಮುಗಿಸಬೇಕು.

ಮಂಗಳವಾರ ಹೊನ್ನೂರಮ್ಮ ತಂದದ್ದು ಬೇರೆ.
ಕೋರ್ಟಿನ ಎದುರು ಐದು ಜೆರಾಕ್ಸ್ ತೆಗೆಸಿ
ಬಿಸಿ ಆರುವ ಮೊದಲೇ
ಕೌಲ್‌ಬಜಾರಿನ ನಮ್ಮ ಶೆಡ್ಡಿಗೆ ಬಂದು
ನನ್ನ ಮಿಷನ್ನಿನ ಮೇಲಿಟ್ಟಳು.
ಓದು. ಜೋರಾಗಿ ಬ್ಯಾಡ.

ಎದುರುದಾರನು ಅರ್ಜಿದಾರಳ ಮೇಲೆ
ಯಾವುದೇ ಹಿಂಸೆ ಎಸಗತಕ್ಕದ್ದಲ್ಲ.
ಆಕೆ ಕೆಲಸ ಮಾಡುವ ಸ್ಥಳವನ್ನು ಪ್ರವೇಶಿಸತಕ್ಕದ್ದಲ್ಲ.
ಫೋನು ಮಾಡತಕ್ಕದ್ದಲ್ಲ.

ತಕ್ಕದ್ದಲ್ಲ ಅಂದ್ರೆ?
ಮಾಡಬಾರ್ದು ಅಂತ.
ಮಾಡಿದ್ರೆ?
ಪೊಲೀಸರು ಹಿಡೀತಾರೆ. ವರ್ಷದ ತನಕ ಜೈಲು.

ಅವಳು ಕಾಗದದ ಅಂಚನ್ನು
ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದಳು,
ಹೊಸ ತಾನು ಬಿಚ್ಚಿದಾಗ ಉಜ್ಜುವ ಹಾಗೆ.
ತೆಳ್ಳಗೈತೆ, ಅಂದಳು.

ನಿಜ. ನಾಲ್ಕು ಪದರ ಡೆನಿಮ್ಮಿಗೆ
ಸೂಜಿ ಇಳಿಸುವವಳಿಗೆ ಯಾವ ಕಾಗದ ದಪ್ಪ?
ಅವಳ ಮೊಣಕೈ ಮೇಲೆ ರಿವಿಟ್ಟಿನಷ್ಟೇ ದುಂಡಗೆ
ಮೂರು ಕಲೆ, ಬೀಡಿ ಆರಿಸಿದ್ದು.
ನಾವೆಲ್ಲ ನೋಡಿದ್ದೆವು.
ನೋಡಿ, ದಾರದ ಬಣ್ಣದ ಬಗ್ಗೆ ಮಾತಾಡಿದ್ದೆವು.

ಸಂರಕ್ಷಣಾಧಿಕಾರಿ ಮೇಡಂ ತಾರೀಖು ಕೇಳಿದರಂತೆ.
ಇವಳಿಗೆಲ್ಲಿಯ ತಾರೀಖು?
ಕರೀ ಪ್ಯಾಂಟಿನ ಲಾಟು ನಡೆದಾಗ ಮೊದಲ ಸಲ,
ಮಕ್ಕಳ ಸೈಜು ಬಂದಾಗ ಹಲ್ಲು,
ಕರೆಂಟಿಲ್ಲದೆ ಎರಡು ದಿನ ಶೆಡ್ಡು ಮುಚ್ಚಿತ್ತಲ್ಲ
ಆವಾಗ, ಹೊಟ್ಟೆಯೊಳಗಿನದು.
ಮೇಡಂ ಪೆನ್ನು ಕೆಳಗಿಟ್ಟು, ನೀರು ಕುಡಿದು,
ಮಾಲೀಕನ ಬಿಲ್ಲು ಪುಸ್ತಕ ತರಿಸಿ
ಒಂದೊಂದಕ್ಕೂ ತಿಂಗಳು ಹಚ್ಚಿದರಂತೆ.

ಒಂದು ಪ್ರತಿ ಕಂಪ್ಲಿಯ ತಂಗಿಗೆ,
ಒಂದು ಜೋಳದ ಡಬ್ಬಿಗೆ,
ಒಂದು ಮಾಲೀಕನ ಮೇಜಿನ ಗಾಜಿನ ಕೆಳಗೆ
(ನನಗ್ಯಾಕವ್ವ ಇದು, ಅಂದ; ಇಟ್ಟುಕೊಂಡ),
ಒಂದು ನನಗೆ.
ಐದನೆಯದಕ್ಕೆ ಕತ್ತರಿಸಿ ಬಿದ್ದ ತುಂಡು ಆರಿಸಿ
ಲಂಗದ ಒಳಗೆ ಜೇಬು ಹಚ್ಚಿದಳು,
ಎರಡು ಸಾಲು ಹೊಲಿಗೆ, ಮೂಲೆಗೆ ಟಾಕಿ.

ಗುರುವಾರ ಸಂಜೆ ಅವನು ಬಂದ.
ಹೆಸರು ಹಿಡಿದು ಕೂಗಿದ.
ಹನ್ನೊಂದು ಮಿಷನ್ನು ಒಮ್ಮೆಗೇ ನಿಂತವು,
ಯಾರೂ ಹೇಳಿರಲಿಲ್ಲ.
ನಾನು ಸ್ಟೇಷನ್ನಿನ ನಂಬರು ಒತ್ತುತ್ತಿದ್ದೆ,
ಬೆರಳು ಎರಡು ಸಲ ತಪ್ಪಿತು.
ಅವನು ಗಟಾರದ ಆಚೆಗೇ ನಿಂತ, ಉಗುಳಿದ,
ನಿಂತ,
ಹೋದ.
ಕಾಗದಕ್ಕೋ, ಆ ಸದ್ದಿಲ್ಲದ್ದಕ್ಕೋ, ತಿಳಿಯದು.
ನಾಳೆ ಬರಲಾರನೆಂದೂ ಅಲ್ಲ.

ಹೊನ್ನೂರಮ್ಮ ಸೊಂಟ ಮುಟ್ಟಿ ನೋಡಿಕೊಂಡಳು.
ಬಾಬಿನ್ ಮುಗೀತು, ಒಂದು ಕೊಡು, ಅಂದಳು.
ಇನ್ನೂ ಅರವತ್ತು ಪೀಸು ಐತೆ.