ಏಳು ಪ್ರಶ್ನೆ ಚಿಹ್ನಿ

ಬನಹಟ್ಟಿಯ ಮಗ್ಗದ ಶೆಡ್ಡು. ರಾತ್ರಿ ಪಾಳಿ.
ಎಳಿ ಹರಿದರ ಮಗ್ಗ ತಾನಾಗೇ ನಿಲ್ಲಬೇಕು,
ಅದಕ್ಕೊಂದು ಬೋರ್ಡು, ಕಡ್ಡಿಪೆಟ್ಟಿಗಿಯಷ್ಟು.
ಮೂರು ದಿನ ಆತು, ಕಣ್ಣು ಬಿಟ್ಟಿಲ್ಲ.

ಕೇಬಲ್ ಬದಲಿಸಿದೆ. ಮೊದಲಿನದು ಬರೇ ಚಾರ್ಜಿಂಗಿಂದು,
ಮಾತಾಡೋ ತಂತಿ ಅದರಾಗ ಇರಲೇ ಇಲ್ಲ.
ಡ್ರೈವರ್ ಹಾಕಿದೆ, ತೆಗೆದೆ, ಮತ್ತ ಹಾಕಿದೆ.
ಪೋರ್ಟು ಸಿಕ್ಕಿತು.
ಕಂಪೈಲರ್ ಮಾತ್ರ ಅದೇ ಕೆಂಪು ಸಾಲು ಕಾರತಿತ್ತು:
ಫೈಲ್ ಸಿಗಲಿಲ್ಲ, ಫೈಲ್ ಸಿಗಲಿಲ್ಲ.
ಕಣ್ಣ ಮುಂದೇ ಐತಲ್ಲೋ ಯಪ್ಪಾ!

ಜಾಬರ್ ದಸ್ತಗೀರ ಕಾಕಾ ಚಾ ಹಿಡಕೊಂಡು ಬಂದ.
ಇಂಗ್ಲಿಷ್ ಓದಾಕ ಬರದವ;
ನಾಕು ಸಾವಿರ ಎಳಿಯಾಗ ಹರಿದದ್ದೊಂದನ್ನ
ಬೆರಳ ತುದಿಗೇ ಹಿಡಿಯಾಂವ.
ಪರದಿ ಮ್ಯಾಲ ಉಗುರಿಟ್ಟು ಸರಿಸಿಕೋತ ಹೋದ,
ಒಂದು ಕಡೆ ನಿಂತ:
"ಇಲ್ಲಿ ಯಾಕವ್ವ ಪ್ರಶ್ನೆ ಚಿಹ್ನಿ ಪಾಳಿ ಹಚ್ಯಾವು?"

ಅದು ನನ್ನ ಹೆಸರು.
ಲ್ಯಾಪ್‌ಟಾಪ್ ತಂದ ದಿನ ಹುರುಪಿಲೇ
ಕನ್ನಡದಾಗ ಬರದಿದ್ದೆ: ಚಂಪಾವತಿ.
ಎಲ್ಲಾ ಫೋಲ್ಡರಿನ ದಾರಿ ಆ ಹೆಸರಿನ ಮ್ಯಾಲೇ ಹಾದು ಹೋಗತಿತ್ತು,
ಕಂಪೈಲರಿಗೆ ಅಲ್ಲೇ ಕಾಲು ಮುಗ್ಗರಿಸತಿತ್ತು.
ನಾಕು ಅಕ್ಷರಕ್ಕ ಏಳು ಪ್ರಶ್ನಿ.
ಎಣಿಸಿದೆ. ಎರಡನೇ ಸಲಾನೂ ಏಳೇ.

ಸಿ ಡ್ರೈವಿನ ಬುಡದಾಗ ಹೊಸ ಫೋಲ್ಡರ್ ಮಾಡಿ
ಎಲ್ಲಾ ಅಲ್ಲಿಗೆ ಸಾಗಿಸಿದೆ. ಅದಕ್ಕ ಹೆಸರು ಡಬ್ಲ್ಯೂ,
ಯಾರದೂ ಅಲ್ಲ.

ಹಸಿರು ದೀಪ ಮಿಣುಕಿತು. ಆರಿತು. ಮಿಣುಕಿತು.
ಕಾಕಾ ಖುಷೀಲೆ ಹೋಗಿ ಒಂದೆಳಿ ಕಿತ್ತ.
ಮಗ್ಗ ಖಟಖಟ ನಡದೇ ಇತ್ತು.
"ಅದು ನಾಳೆ, ಕಾಕಾ. ಇವತ್ತು ಬರೇ ದೀಪ."
"ಹಂಗಾದರ ಗಂಟು ನಾನ ಹಾಕಬೇಕು," ಅಂದ,
ಮಗ್ಗ ನಿಲ್ಲಿಸಿ ಬಗ್ಗಿದ.
ಚಾ ಯಾವಾಗೋ ಆರಿತ್ತು.