ಸ್ವಲ್ಪ ಕಷ್ಟ

ಸ್ವಾನ್ಸಿಯಲ್ಲಿ ಚರ್ಚಿನ ಹಿಂಬದಿಯ ಕೋಣೆ,
ಗುರುವಾರ ಸಂಜೆ ಆರೂವರೆ. ಹೀಟರು ಕೆಮ್ಮುತ್ತದೆ.
ಐದು ಜನ ಕೂತು ಮಸಿ ತೇಯುತ್ತೇವೆ
ಗಂಧ ತೇಯ್ದ ಹಾಗೆ. ಹಚ್ಚಲು ದೇವರಿಲ್ಲ, ಹಣೆಯಿಲ್ಲ.
"ಅವಸರದ ಮಸಿಗೆ ಅವಸರದ್ದೇ ಬಣ್ಣ"
ಎನ್ನುತ್ತಾರೆ ಇಸೊನೊ ಫುಮಿಯೆ.
ಅಷ್ಟು ಬಿಟ್ಟರೆ ಮಾತಿಲ್ಲ.

ಆರು ವಾರದಿಂದ ಒಂದೇ ಬರೆಯುತ್ತಿದ್ದೇವೆ.
ಒಂದು ಅಂದರೆ ಒಂದು ಅಡ್ಡಗೆರೆ, ಅಷ್ಟೇ.
ಕೊಟ್ಟೂರಿನ ಸ್ಲೇಟಿನಲ್ಲಿ ಪಳಗಿದ ಕೈ ನನ್ನದು,
ಸುತ್ತದೆ ಯಾವುದನ್ನೂ ಮುಗಿಸದು,
ತಲೆಕಟ್ಟಿಲ್ಲದೆ ಅಕ್ಷರವನ್ನು ಮನೆಯಿಂದ ಹೊರಡಿಸದು.
ನನ್ನ ಗೆರೆ ಕೊನೆಗೆ ಬಾಲ ಮಡಚಿ
ಮಲಗಿದ ಬೆಕ್ಕಾಗುತ್ತದೆ,
೧ ಆಗಿಬಿಡುತ್ತದೆ.

ಮೊದಲ ದಿನ, ತಿದ್ದೋಣವೆಂದು ಮತ್ತೆ ಕುಂಚ ತಾಕಿಸಿದೆ.
ಎಂಜಲು ಹಚ್ಚಿ ಅಂಗೈಯಲ್ಲಿ ಒರೆಸಿ ಬೆಳೆದವಳು.
ಆಕೆ ಬೈಯಲಿಲ್ಲ. ಕಾಗದ ಎತ್ತಿ ಬದಿಗಿಟ್ಟು
ಹೊಸದನ್ನು ಎರಡೂ ಕೈಯಲ್ಲಿ ಕೊಟ್ಟರು,
ಮಲಗಿದ ಕೂಸನ್ನು ಕೊಟ್ಟ ಹಾಗೆ.
ಬೈದಿದ್ದರೆ ಚೆನ್ನಾಗಿತ್ತು.

ಪಕ್ಕದಲ್ಲಿ ಎಮ್ರಿಸ್. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ,
ಉಂಗುರಬೆರಳನ್ನು ಅಲ್ಲೇ ಬಿಟ್ಟು ಬಂದವರು.
ಹಳೇ ಪೇಪರಿನ ಮೇಲೆ ಅವರ ಅಭ್ಯಾಸ:
ಮಾರಾಟಕ್ಕಿರುವ ಮನೆಗಳ ಮೇಲೆ,
ರಗ್ಬಿಯ ಸೋಲಿನ ಮೇಲೆ,
ಒಂದು, ಒಂದು, ಒಂದು.
ಕೈ ನಡುಗುತ್ತದೆ. ನಡುಗಿದ ಕಡೆಯೇ
ಆಕೆ ಕೆಂಪು ಮಸಿಯಲ್ಲಿ ಸುತ್ತು ಹಾಕುತ್ತಾರೆ.
ತಿಂಗಳವರೆಗೂ ಅದನ್ನು ತಪ್ಪೆಂದೇ ತಿಳಿದಿದ್ದೆ.
ಅವರಲ್ಲಿ ಮೆಚ್ಚಿದ್ದಕ್ಕೆ ಸುತ್ತಂತೆ.

ನಿನ್ನೆ ಧೈರ್ಯ ಮಾಡಿ ಕೇಳಿದೆ:
ನಾನು ಹುಟ್ಟಾ ಎಡಚಿ.
ಕಾತ್ಯಾಯಿನಿ ಟೀಚರು ರೂಲುದೊಣ್ಣೆಯಿಂದ
ಬಲಕ್ಕೆ ದಾಟಿಸಿದ್ದು. ಇಲ್ಲಿ ಎಡಗೈಯಲ್ಲಿ ಬರೆಯಲೆ?
ಆಕೆ ತಲೆ ವಾಲಿಸಿ, ಹಲ್ಲಿನ ಸಂದಿಯಿಂದ ಉಸಿರೆಳೆದು,
ಕಿಟಕಿಯ ಕಡೆ ನೋಡಿ,
"ಸ್ವಲ್ಪ ಕಷ್ಟ" ಅಂದರು.
ಸ್ವಲ್ಪ ತಾನೆ, ಎಂದು ಕುಂಚ ಎಡಕ್ಕೆ ಬದಲಿಸಿದೆ.
ಎಮ್ರಿಸ್ ಕೆಮ್ಮಿದರು. ಈ ಸಲ ಹೀಟರಲ್ಲ.

ಬಸ್ಸು ಹತ್ತಿದ ಮೇಲೆ ಹೊಳೆಯಿತು.
ಸಾಲ ಕೇಳಿ ಬಂದವರಿಗೆ ಅಪ್ಪ
"ನೋಡೋಣ" ಅನ್ನುತ್ತಿದ್ದರಲ್ಲ, ಅದರ ತಂಗಿ ಇದು.
ಸದ್ದಾಗದಂತೆ ಮುಚ್ಚುವ ಬಾಗಿಲು;
ಹೊರಗೆ ನಿಂತವನಿಗೆ ಚಹಾ ಕುಡಿದ ನೆನಪಷ್ಟೇ.

ನಾಚಿ ಮುಖ ತಿರುಗಿಸಿದರೆ ಆವಿ ಕಟ್ಟಿದ ಗಾಜು.
ಎಡಗೈ ತಾನಾಗಿ ಎದ್ದು ಎಳೆಯಿತು:
ನೇರ. ತಲೆಕಟ್ಟಿಲ್ಲ, ಬಾಲವಿಲ್ಲ.
ಗೆರೆಯೊಳಗೆ ಒಂದು ಬೆರಳಗಲ ಕತ್ತಲ ಸಮುದ್ರ.
ಹಿಂದಿನ ಸೀಟಿನ ಹುಡುಗ ಕೈಚಾಚಿ
ಅದರ ಮೇಲೆ ಎರಡು ಚುಕ್ಕೆ ಇಟ್ಟ.
ಮುಖವಾಯಿತು. ಇಸೊನೊ ಅವರದೇ:
ನಗುವುದೂ ಇಲ್ಲ, ಬೈಯುವುದೂ ಇಲ್ಲ.